ನಾನ್-ಕಾಂಗ್ರಿಗೇಟ್ ಊಟ: ಇಲ್ಲೇ ಉಣ್ಣಬೇಕಾ, ಕಟ್ಟಿಕೊಂಡು ಹೋಗಬಹುದಾ?

ಅಮೆರಿಕದಲ್ಲಿ ಮಕ್ಕಳಿಗೆ ಸರ್ಕಾರ ಕೊಡುವ ಬೇಸಿಗೆ ಊಟದ ಸುದ್ದಿ ಓದಿದರೆ 'ನಾನ್-ಕಾಂಗ್ರಿಗೇಟ್' ಅನ್ನೋ ಪದ ಮತ್ತೆ ಮತ್ತೆ ಎದುರಾಗುತ್ತದೆ. ಕಾಂಗ್ರಿಗೇಟ್ ಅಂದರೆ ಒಂದೆಡೆ ಸೇರುವುದು, ಅಂದರೆ ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು. ಮುಂದೆ 'ನಾನ್' ಬಂದರೆ ಮನೆಗೆ ಒಯ್ಯುವ ಊಟ. ಅರ್ಥ ಇಷ್ಟೇ. ತಲೆನೋವು ಇರುವುದು ನಿಯಮದಲ್ಲಿ.

ಶಾಲೆ ನಡೆಯುವಾಗ ಬಡ ಮಕ್ಕಳಿಗೆ ಅಲ್ಲೇ ಊಟ ಸಿಗುತ್ತದೆ. ರಜೆ ಬಂದರೆ? ಅದಕ್ಕೇ ಸಮ್ಮರ್ ಫುಡ್ ಸರ್ವಿಸ್ ಪ್ರೋಗ್ರಾಂ ಇದೆ. 1968ರಲ್ಲಿ ಪ್ರಯೋಗವಾಗಿ ಶುರುವಾಗಿ, 1975ರಲ್ಲಿ ಪ್ರತ್ಯೇಕ ಯೋಜನೆಯಾಯಿತು. ಹಣ ಕೇಂದ್ರದ ಕೃಷಿ ಇಲಾಖೆಯದು. ಬಡಿಸುವುದು ಶಾಲೆ, ಪಾರ್ಕ್, ಲೈಬ್ರರಿ, ಚರ್ಚುಗಳಲ್ಲಿ. ಸುತ್ತಲಿನ ಮಕ್ಕಳಲ್ಲಿ ಅರ್ಧದಷ್ಟಾದರೂ ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾಗಿದ್ದರೆ ಅಲ್ಲಿ 'ಓಪನ್ ಸೈಟ್', ಅಂದರೆ ಎಲ್ಲ ಮಕ್ಕಳಿಗೂ ತೆರೆದ ಊಟದ ಕೇಂದ್ರ, ತೆರೆಯಬಹುದು. 18 ವರ್ಷದವರೆಗಿನ ಯಾರೇ ಬಂದರೂ ತಟ್ಟೆ ಸಿಗುತ್ತದೆ, ಅರ್ಜಿ ಗಿರ್ಜಿ ಏನೂ ಬೇಡ.

ಷರತ್ತು ಒಂದೇ: ಅಲ್ಲೇ ಕೂತು ತಿನ್ನಬೇಕು. ಒಂದು ಹಣ್ಣನ್ನೋ ಬ್ರೆಡ್ಡಿನ ತುಂಡನ್ನೋ ಹೊರಗೆ ಒಯ್ಯಲು ಬಿಡಬಹುದು. ಸೇಬು ಜೇಬಿಗಿಳಿದರೆ ಅಡ್ಡಿಯಿಲ್ಲ, ಹಾಲನ್ನು ಮಾತ್ರ ಅಲ್ಲೇ ಕುಡಿಯಬೇಕು! ಕೇಳಲು ತಮಾಷೆ ಅನಿಸುತ್ತದೆ. ಆದರೆ ಊಟ ಮಗುವಿನ ಹೊಟ್ಟೆಗೇ ಸೇರಿತು ಅಂತ ಖಾತ್ರಿ ಮಾಡಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇಲ್ಲ, ಅಲ್ವಾ? ನಿಯಮ ಮಾಡಿದವರು ದಡ್ಡರಲ್ಲ. ಆದರೆ ಸೈಟಿನಿಂದ ಇಪ್ಪತ್ತು ಮೈಲಿ ದೂರದ ಮಗುವಿನ ಲೆಕ್ಕ ಅವರ ತಲೆಗೆ ಬಂದಂತಿಲ್ಲ. ಬೇಸಿಗೆಯಲ್ಲಿ ಸ್ಕೂಲ್ ಬಸ್ಸೂ ಇಲ್ಲ, ಅಪ್ಪ ಅಮ್ಮ ಕೆಲಸಕ್ಕೆ ಹೋಗಿರುತ್ತಾರೆ.

2020ರಲ್ಲಿ ಕೋವಿಡ್ ಬಂದು ಒಟ್ಟಿಗೆ ಕೂರುವುದೇ ಅಪಾಯವಾಯಿತು. ಇಲಾಖೆ ಆ ಷರತ್ತಿಗೆ ವಿನಾಯಿತಿ ಕೊಟ್ಟಿತು. ಅಪ್ಪ ಅಮ್ಮ ಕಾರಿನಲ್ಲಿ ಬಂದು ಪೊಟ್ಟಣ ಒಯ್ದರು. ಒಮ್ಮೆ ಈ ಅನುಕೂಲ ಕಂಡ ಮೇಲೆ ಹಳೆಯದಕ್ಕೆ ಮರಳುವುದು ಕಷ್ಟವೇ. 2022ರ ಡಿಸೆಂಬರಿನಲ್ಲಿ ಸಹಿ ಬಿದ್ದ ಕಾನೂನು, ಒಟ್ಟಿಗೆ ಉಣ್ಣುವ ವ್ಯವಸ್ಥೆ ಇಲ್ಲದ ಹಳ್ಳಿಗಾಡಿನಲ್ಲಿ ನಾನ್-ಕಾಂಗ್ರಿಗೇಟ್ ಊಟವನ್ನು ಕಾಯಂ ಮಾಡಿತು. ಅದೇ ಕಾನೂನಿನಡಿ 2024ರಿಂದ 'ಸಮ್ಮರ್ ಇಬಿಟಿ' ಕಾರ್ಡೂ ಬಂತು. ಸೇರಿಕೊಂಡ ರಾಜ್ಯಗಳಲ್ಲಿ ಅರ್ಹ ಮಗುವಿಗೆ ಬೇಸಿಗೆಯ ದಿನಸಿಗೆಂದು ತಿಂಗಳಿಗೆ 40 ಡಾಲರ್, ಒಟ್ಟು 120.

ಕಾನೂನು ಹೇಳುವುದು ಒಂದು ಸಾಲು. ಊಟ ಯಾರ ಕೈಗೆ, ಎಷ್ಟು ದಿನದ್ದು, ಹೇಗೆ ಅನ್ನುವುದೆಲ್ಲ ಇಲಾಖೆಯ ನಿಯಮದಲ್ಲಿ. ಸಾಮಾನ್ಯವಾಗಿ ಅಲ್ಲಿ ಮೊದಲು 'ಪ್ರಸ್ತಾವಿತ ನಿಯಮ' ಪ್ರಕಟಿಸಿ, ಜನರ ಅಭಿಪ್ರಾಯ ಕೇಳಿ, ಆಮೇಲೆ ಅಂತಿಮ ನಿಯಮ ತರುತ್ತಾರೆ. ಇಲ್ಲಿ ಅಷ್ಟು ಪುರುಸೊತ್ತಿರಲಿಲ್ಲ. 2023ರ ಡಿಸೆಂಬರಿನಲ್ಲಿ 'ಮಧ್ಯಂತರ ಅಂತಿಮ ನಿಯಮ' ಹೊರಬಂತು. ಮಧ್ಯಂತರವೂ ಹೌದು, ಅಂತಿಮವೂ ಹೌದು! ಮೊದಲು ಜಾರಿ, ಆಮೇಲೆ ಅಭಿಪ್ರಾಯ ಅಂತ ಇಟ್ಟುಕೊಳ್ಳಿ.

ಅದರ ಪ್ರಕಾರ ಒಂದೇ ಸಲಕ್ಕೆ 10 ದಿನದವರೆಗಿನ ಊಟ ಕೊಡಬಹುದು. ಮನೆಗೇ ತಲುಪಿಸಲೂಬಹುದು, ಆದರೆ ಪೋಷಕರ ಒಪ್ಪಿಗೆ ಬೇಕು. ಮಗು ಜೊತೆಗಿಲ್ಲದೆ ಅಮ್ಮ ಒಬ್ಬಳೇ ಬಂದರೂ ಸರಿ. ಒಂದೇ ಮಗುವಿಗೆ ಎರಡು ಕಡೆ ಊಟ ಹೋಗದಂತೆ ನೋಡಿಕೊಳ್ಳುವ ಹೊಣೆ ಮಾತ್ರ ಕೊಡುವವರದು.

ಈಗ ತಕರಾರೆಲ್ಲ 'ಹಳ್ಳಿಗಾಡು' ಅನ್ನುವ ಇನ್ನೊಂದು ಪದದ ಮೇಲೆ. ಯಾವ ಜಾಗ ಅದಕ್ಕೆ ಸೇರುತ್ತದೆ ಅಂತ ತೋರಿಸಲು ಇಲಾಖೆ ಮ್ಯಾಪನ್ನೇ ಇಟ್ಟಿದೆ. ಗೆರೆಯ ಈಚೆಗಿನ ನಗರದ ಮಗು ಇವತ್ತಿಗೂ ಹಾಲನ್ನು ಅಲ್ಲೇ ಕೂತು ಕುಡಿಯಬೇಕು.