ಗೋದಾವರಿಯ ಮರಳಿಗೆ ಇಳಿಸಿದ ಬಾವಿಗಳು

ಹಳೇ ಸೇತುವೆಯ ಮಾತು ಬಂದರೆ ಸಾಕು, ‘ಕಂಬ ನಿಲ್ಲಲೇ ಇಲ್ಲವಂತೆ, ಕೊನೆಗೆ ನರಬಲಿ ಕೊಟ್ಟರಂತೆ’ ಎಂಬ ಕಥೆಯನ್ನು ಯಾರಾದರೂ ತೆಗೆಯುತ್ತಾರೆ. ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಕಂಬ ನಿಲ್ಲಿಸಿದ್ದು ಬಲಿಯಲ್ಲ, ಬಾವಿ.

ಆಂಧ್ರದ ರಾಜಮಂಡ್ರಿಯಲ್ಲಿ ಗೋದಾವರಿಗೆ ಹಾಕಿದ ಹ್ಯಾವ್ಲಾಕ್ ರೈಲು ಸೇತುವೆಯನ್ನೇ ನೋಡಿ. 1897ರಲ್ಲಿ ಕೆಲಸ ಶುರುವಾಗಿ 1900ರಲ್ಲಿ ರೈಲು ಓಡಿತು. ಕಂಬದಿಂದ ಕಂಬಕ್ಕೆ ಒಂದು ಅಂಕಣ ಎಂದರೆ ಒಟ್ಟು 56 ಅಂಕಣ, ಒಂದೊಂದೂ ಸುಮಾರು 45 ಮೀಟರ್. ಕಟ್ಟಿಸಿದ ಎಂಜಿನಿಯರ್ ಗ್ರಾನ್‌ವಿಲ್ ವಾಲ್ಟನ್, ಅದಕ್ಕೂ ಮೊದಲು ಕಾಶಿಯಲ್ಲಿ ಗಂಗೆಗೆ ಸೇತುವೆ ಹಾಕಿದ್ದವರು.

ಬೇಸಿಗೆಯಲ್ಲಿ ಗಟ್ಟಿಯಾಗಿ ಕಾಣುವ ಹೊಳೆಯ ಮರಳು ಪ್ರವಾಹ ಬಂದಾಗ ನೀರಿನ ಜೊತೆಗೇ ಹೊರಟುಬಿಡುತ್ತದೆ. ಕಂಬಕ್ಕೆ ಬಡಿದ ನೀರು ಕೆಳಕ್ಕೆ ತಿರುಗಿ, ಸುಳಿಯಾಗಿ, ಬುಡವನ್ನೇ ಕೆದಕುತ್ತದೆ. ಸಮುದ್ರದ ದಡದಲ್ಲಿ ನಿಂತಾಗ ಅಲೆ ಹಿಂದೆ ಸರಿದಂತೆ ಹಿಮ್ಮಡಿ ಕೆಳಗಿನ ಮರಳು ಜಾರುತ್ತದಲ್ಲ, ಹಾಗೆಯೇ. ಪ್ರವಾಹ ಎಷ್ಟು ಆಳ ಕೆದಕಬಲ್ಲದೋ ಅದಕ್ಕಿಂತ ಜಾಸ್ತಿ ಕೆಳಗೆ ಬುಡ ಇರಬೇಕು.

ಅದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಮೊದಲು ಮರಳಿನ ಮೇಲೆ ಬಳೆಯಂಥ ಚೌಕಟ್ಟು ಇಡುತ್ತಾರೆ. ಅದರ ಕೆಳಗಿನ ಅಂಚು ಕಬ್ಬಿಣದ್ದು, ಕತ್ತಿಯಂತೆ ಚೂಪು. ಮೇಲೆ ದುಂಡಗೆ ಗೋಡೆ ಕಟ್ಟುತ್ತಾರೆ. ಒಳಗಿನ ಮರಳು ತೆಗೆದಂತೆ ಗೋಡೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಇಳಿದಷ್ಟೂ ಮೇಲೆ ಮತ್ತೆ ಕಟ್ಟುತ್ತಾ ಹೋಗುವುದು. ರಿಂಗ್ ಬಾವಿ ಇಳಿಸುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ, ಅಲ್ವಾ? ಬಾವಿ ಓರೆಯಾದರೆ, ಎತ್ತರ ಉಳಿದ ಬದಿಯಲ್ಲಿ ಮರಳನ್ನು ಜಾಸ್ತಿ ತೋಡಿ, ಅದೇ ಬದಿಗೆ ತೂಕ ಹೇರುತ್ತಾರೆ. ನಿಧಾನಕ್ಕೆ ನೆಟ್ಟಗಾಗುತ್ತದೆ. ಆಳ ಸಾಕಾದ ಮೇಲೆ ತಳಕ್ಕೆ ಕಾಂಕ್ರೀಟ್ ಸುರಿದು ಮುಚ್ಚುತ್ತಾರೆ. ಕಂಬ ಏಳುವುದು ಈ ಬಾವಿಯ ಮೇಲೆ. ಹಲ್ಲಿಗೆ ಬೇರು ಹೇಗೋ ಕಂಬಕ್ಕೆ ಇದು ಹಾಗೆ. ನೋಡುವವರ ಕಣ್ಣಿಗೆ ಬೀಳುವುದಿಲ್ಲ, ಕಚ್ಚಿ ಹಿಡಿದಿರುವುದು ಮಾತ್ರ ಅದೇ.

ಬ್ರಿಟಿಷರು ಬರುವ ಮೊದಲೇ ನಮ್ಮಲ್ಲಿ ಈ ವಿದ್ಯೆ ಇತ್ತು. ಯಮುನೆಯ ದಡದ ತಾಜ್ ಮಹಲಿನ ಅಡಿಪಾಯದಲ್ಲೂ ಬಾವಿಗಳಿವೆ. ಬಲಿಯ ಕಥೆ ಕಟ್ಟಿದಾಗ ಮರೆಯಾಗುವುದು ಈ ಜಾಣ್ಮೆ, ಜೊತೆಗೆ ಮರಳು ಎತ್ತಿದ ಕೂಲಿಗಳ ದುಡಿಮೆ.

ಮದ್ರಾಸ್–ಕಲ್ಕತ್ತ ರೈಲು ಗೋದಾವರಿ ದಾಟಿದ್ದು ಹ್ಯಾವ್ಲಾಕ್ ಸೇತುವೆಯ ಮೇಲೆ. ಪಕ್ಕದಲ್ಲಿ ರಸ್ತೆಯೂ ಇರುವ ಸೇತುವೆ ಬಂದದ್ದು 1974ರಲ್ಲಿ. ಅಲ್ಲಿಯವರೆಗೆ ಎದುರು ದಡದ ಕೊವ್ವೂರಿನವರು ರಾಜಮಂಡ್ರಿಗೆ ಬರಬೇಕಾದರೆ ರೈಲೋ ದೋಣಿಯೋ ಹಿಡಿಯಬೇಕಿತ್ತು. 1997ರಲ್ಲಿ ಹಳೇ ಸೇತುವೆಯ ಮೇಲೆ ರೈಲು ನಿಂತಿತು. ಅಷ್ಟರಲ್ಲಿ 1953ರ ಪ್ರವಾಹವೂ 1986ರ ಪ್ರವಾಹವೂ ಆ ಕಂಬಗಳ ಬುಡ ಕೆದಕಿ ಹೋಗಿದ್ದವು. ಕಂಬಗಳು ಈಗಲೂ ನಿಂತಿವೆ.