ಪೇಜೆಂಟ್: ಗಾಲಿಯ ಮೇಲಿನ ರಂಗ

ಮಧ್ಯಯುಗದ ಇಂಗ್ಲೆಂಡಿನಲ್ಲಿ ‘ಪೇಜೆಂಟ್’ ಎಂದರೆ ನಾಟಕ ಆಡಲು ಕಟ್ಟಿದ ಗಾಡಿ. ಅದರ ಮೇಲೆ ಆಡುವ ಬೈಬಲ್ ಪ್ರಸಂಗಕ್ಕೂ ಅದೇ ಹೆಸರು. ಇವತ್ತಿನ ಸೌಂದರ್ಯ ಸ್ಪರ್ಧೆಗೂ ಇದಕ್ಕೂ ಸಂಬಂಧ ಹುಡುಕಬೇಡಿ. ತೇರಿನ ಹಾಗೆ ಇದನ್ನೂ ಬೀದಿಯಲ್ಲಿ ಎಳೆಯುತ್ತಿದ್ದರು. ಆದರೆ ಗೊತ್ತುಮಾಡಿದ ಜಾಗಗಳಲ್ಲಿ ನಿಲ್ಲಿಸಿ, ಪ್ರಸಂಗ ಪೂರ್ತಿ ಆಡಿ, ಮುಂದಿನ ಜಾಗಕ್ಕೆ ಹೋಗಿ ಮತ್ತೆ ಅದನ್ನೇ ಆಡಬೇಕಿತ್ತು.

ಇದರ ಒಳ್ಳೆಯ ದಾಖಲೆ ಉಳಿದಿರುವುದು ಯಾರ್ಕ್ ನಗರದಲ್ಲಿ. ಅಲ್ಲಿ 1569ರವರೆಗೂ ಆಟ ನಡೆದಿದೆ. ಸೃಷ್ಟಿಯಿಂದ ಲೋಕಾಂತ್ಯದಲ್ಲಿ ದೇವರು ಕೊಡುವ ಕೊನೆಯ ತೀರ್ಪಿನವರೆಗೆ ಸುಮಾರು 48 ಪ್ರಸಂಗ, ಸಾಮಾನ್ಯವಾಗಿ 12 ತಾಣ. ಒಂದೊಂದು ಪ್ರಸಂಗ ಒಂದೊಂದು ಕಸುಬಿನ ಸಂಘದ ಪಾಲು: ನೋಹನ ನಾವೆ ಹಡಗು ಕಟ್ಟುವವರಿಗೆ, ಯೇಸುವಿನ ಕಡೆಯ ಭೋಜನ ಬ್ರೆಡ್ ಸುಡುವವರಿಗೆ. ನಟರು ನಸುಕಿನ ನಾಲ್ಕೂವರೆಗೇ ಗಾಡಿಯಲ್ಲಿ ಸಿದ್ಧರಿರಬೇಕು ಎಂದು ನಗರಸಭೆಯ ಆಜ್ಞೆ. ಏಕೆಂದರೆ ಒಂದು ಗಾಡಿ ತಡವಾದರೆ ಹಿಂದಿನವೆಲ್ಲ ಸಾಲಾಗಿ ನಿಂತುಬಿಡುತ್ತವೆ. ಎಲ್ಲವನ್ನೂ ಒಂದೇ ದಿನ ಆಡಿದರೆ ಕೊನೆಯ ಗಾಡಿ ಕೊನೆಯ ತಾಣ ಮುಟ್ಟುವಾಗ ನಡುರಾತ್ರಿ ದಾಟಿರುತ್ತದೆ. ಒಬ್ಬ ನಟ ದಿನಕ್ಕೆ ಎರಡಕ್ಕಿಂತ ಹೆಚ್ಚು ಸಲ ಪಾತ್ರ ಒಪ್ಪಿಕೊಳ್ಳಬಾರದೆಂದು 1476ರಲ್ಲಿ ನಿಯಮ ಮಾಡಿದ್ದೂ, ಮೀರಿದರೆ 40 ಶಿಲಿಂಗ್ ದಂಡ ಇಟ್ಟಿದ್ದೂ ಸುಮ್ಮನೆ ಅಲ್ಲ. ಬೇರೆ ಬೇರೆ ಗಾಡಿಗಳಲ್ಲಿ ಬೇರೆ ಬೇರೆ ಯೇಸು. ನೋಡುವವರಿಗೆ ಅದೇನೂ ತೊಡಕಾದಂತೆ ಕಾಣದು.

ಗಾಡಿಯ ಮೇಲೆ ಏನಿತ್ತು? ಕೊನೆಯ ತೀರ್ಪು ಆಡುತ್ತಿದ್ದ ವರ್ತಕರ ಸಂಘದ 1433ರ ಪಟ್ಟಿ ಹೇಳುತ್ತದೆ: ನಾಲ್ಕು ಗಾಲಿ, ನರಕದ ಬಾಯಿ, ದೆವ್ವಗಳ ಉಡುಪು ಮತ್ತು ಮೊಗವಾಡ, ದೇವರು ಕೂತು ಸ್ವರ್ಗಕ್ಕೆ ಏರಲು ಹಗ್ಗ ಕಟ್ಟಿದ ಕಬ್ಬಿಣದ ಪೀಠ, ದಾರ ಎಳೆದರೆ ಓಡುವ ಒಂಬತ್ತು ಪುಟ್ಟ ಕೆಂಪು ದೇವದೂತರು.

ಶಿಲುಬೆಯ ಪ್ರಸಂಗದಲ್ಲಂತೂ ರಂಗದ ಕಷ್ಟವೇ ಸಂಭಾಷಣೆಯಾಗಿದೆ. ಯೇಸುವನ್ನು ಕೆಳಗೆ ಚಾಚಿಟ್ಟ ಶಿಲುಬೆಯ ಮೇಲೆ ಮಲಗಿಸಿದಾಗ ಬೀದಿಯಲ್ಲಿ ನಿಂತವರಿಗೆ ಕಾಣುವುದು ಕಡಿಮೆ. ಹಾಗಾಗಿ ಸೈನಿಕರು ಮಾಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾರೆ. ಮೊಳೆಯ ತೂತು ದೂರವಾಯಿತು, ಕೈ ಎಟುಕುತ್ತಿಲ್ಲ, ಹಗ್ಗ ಹಾಕಿ ಎಳೆಯಿರಿ! ಎತ್ತಿ ನಿಲ್ಲಿಸಿದ ಮೇಲೆ ಗುಳಿ ಅಗಲವಾಗಿ ಶಿಲುಬೆ ಅಲ್ಲಾಡುತ್ತದೆ, ಬೆಣೆ ಬಡಿಯುತ್ತಾರೆ. ಜೀವಂತ ಮನುಷ್ಯನನ್ನು ಹೊತ್ತ ಕಂಬ ಗಾಡಿಯ ಮೇಲೆ ನಿಲ್ಲಬೇಕಾದರೆ ಆ ಬೆಣೆ ನಿಜವಾಗಿಯೂ ಬೇಕಿತ್ತು.