ವೈದ್ಯಕೀಯದಿಂದ ಪುರಸಭೆಗೆ: ಡಾ. ವಿ. ಎಸ್. ಆಚಾರ್ಯರ ಹಾದಿ

ಉಡುಪಿಯ ಡಾ. ವೇದವ್ಯಾಸ ಶ್ರೀನಿವಾಸ ಆಚಾರ್ಯರನ್ನು ರಾಜ್ಯದ ಬಹುಪಾಲು ಜನ ಗುರುತಿಸುವುದು ಗೃಹ ಸಚಿವರಾಗಿ. ಆದರೆ ಅವರು ಓದಿದ ವೈದ್ಯಶಾಸ್ತ್ರ ಅವರ ರಾಜಕಾರಣಕ್ಕೆ ನಿಜವಾಗಿ ಒದಗಿಬಂದದ್ದು ಅದಕ್ಕೂ ನಲವತ್ತು ವರ್ಷ ಮೊದಲು, ಊರಿನ ಪುರಸಭೆಯಲ್ಲಿ.

ಡಾ. ಟಿ. ಎಂ. ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದರು. ಆರಂಭದ ವರ್ಷಗಳಲ್ಲಿ ಅಲ್ಲಿನ ವಿದ್ಯಾರ್ಥಿಗಳು ರೋಗಿಗಳನ್ನು ನೋಡಿ ಕಲಿಯಲು ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಯ ವಾರ್ಡುಗಳಿಗೆ ಹೋಗಬೇಕಿತ್ತು. ಅದೇ ಕಾಲೇಜಿನಲ್ಲಿ ಎಂಬಿಬಿಎಸ್ ಮುಗಿಸಿದ ಆಚಾರ್ಯರು ಉಡುಪಿಯಲ್ಲಿ ವೃತ್ತಿಗಿಳಿದರು, ಇಂದಿನ ಬಿಜೆಪಿಯ ಪೂರ್ವರೂಪವಾದ ಜನಸಂಘದಲ್ಲಿ ದುಡಿದರು, 1968ರಲ್ಲಿ ಪುರಸಭೆಯ ಅಧ್ಯಕ್ಷರಾದರು. ದಕ್ಷಿಣ ಭಾರತದಲ್ಲಿ ಜನಸಂಘದ ಕೈಗೆ ಬಂದ ಮೊದಲ ಪುರಸಭೆ ಅದು ಎಂದು ಪಕ್ಷದವರು ಇಂದಿಗೂ ಹೇಳಿಕೊಳ್ಳುತ್ತಾರೆ.

ಆಗ ಕರಾವಳಿಯ ಪಟ್ಟಣಗಳಲ್ಲಿ ಮನೆಯ ಹಿಂದಿನ ಒಣ ಕಕ್ಕಸಿನಿಂದ ಮಲವನ್ನು ಬಕೆಟ್ಟಿಗೆ ಬಳಿದು, ತಲೆಯ ಮೇಲೆ ಹೊತ್ತು, ಓಣಿಯ ದಾರಿಯಲ್ಲಿ ಸಾಗಿಸುವ ಪದ್ಧತಿಯಿತ್ತು. ಮಳೆಗಾಲದಲ್ಲಿ ಅದು ಹೊತ್ತವರ ಮೈಮೇಲೆಯೇ ಇಳಿಯುತ್ತಿತ್ತು. ಹೊರುತ್ತಿದ್ದವರು ದಲಿತರು, ಹೀಗಾಗಿ ಇದು ನೈರ್ಮಲ್ಯದ ಪ್ರಶ್ನೆಯಾಗಿದ್ದಷ್ಟೇ ಜಾತಿಯ ಪ್ರಶ್ನೆಯೂ ಆಗಿತ್ತು. ಮಲದಿಂದ ನೀರಿಗೆ, ನೀರಿನಿಂದ ಹೊಟ್ಟೆಗೆ ವಿಷಮಶೀತ ಜ್ವರ, ಕಾಲರಾ ಹರಡುವ ಬಗೆಯನ್ನು, ಮಲ ಬೆರೆತ ಮಣ್ಣಿನಿಂದ ಬರಿಗಾಲಿನ ಚರ್ಮದ ಮೂಲಕ ಕೊಕ್ಕೆಹುಳು ಮೈಸೇರುವ ಬಗೆಯನ್ನು ವೈದ್ಯನಿಗೆ ಬೇರೆಯವರು ಬಿಡಿಸಿ ಹೇಳಬೇಕಿರಲಿಲ್ಲ. ಆಚಾರ್ಯರ ಅವಧಿಯಲ್ಲಿ ಪುರಸಭೆ ಮಲ ಹೊರುವುದನ್ನು ನಿಷೇಧಿಸಿತು. ದೇಶದಲ್ಲೇ ಮೊದಲು ಎಂಬ ಉಡುಪಿಯವರ ಹೆಮ್ಮೆಯನ್ನು ಬದಿಗಿಟ್ಟು ನೋಡಿದರೂ, ರಾಜ್ಯದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿ ಇದೇ ನಿಷೇಧ ತಂದದ್ದು 1970ರ ದಶಕದಲ್ಲಿ, ಸಂಸತ್ತು ಕಾಯ್ದೆ ಮಾಡಿದ್ದು 1993ರಲ್ಲಿ ಎಂಬುದನ್ನು ಗಮನಿಸಿದರೆ ಈ ತೀರ್ಮಾನದ ತೂಕ ತಿಳಿಯುತ್ತದೆ.

ತುರ್ತು ಪರಿಸ್ಥಿತಿಯಲ್ಲಿ ಸೆರೆವಾಸ, 1983ರಲ್ಲಿ ಉಡುಪಿಯಿಂದ ವಿಧಾನಸಭೆಗೆ ಆಯ್ಕೆ, ಮುಂದೆ ವಿಧಾನ ಪರಿಷತ್ತು: ನಡುವಿನ ವರ್ಷಗಳು ಪಕ್ಷ ಕಟ್ಟುವುದರಲ್ಲೇ ಕಳೆದವು. 2006ರ ಜೆಡಿಎಸ್-ಬಿಜೆಪಿ ಮೈತ್ರಿ ಸರ್ಕಾರದಲ್ಲಿ ವೈದ್ಯಕೀಯ ಶಿಕ್ಷಣ ಖಾತೆ ಸಿಕ್ಕಾಗ ಓದು ಮತ್ತು ಅಧಿಕಾರ ಮತ್ತೆ ಒಂದೆಡೆ ಕೂಡಿದವು.

ಗೃಹ ಖಾತೆಯ ಮಾತು ಬೇರೆ. 2008ರ ಮೇ ತಿಂಗಳಲ್ಲಿ ಅವರು ಅದನ್ನು ವಹಿಸಿಕೊಂಡರು. ಸೆಪ್ಟೆಂಬರಿನಲ್ಲಿ ಮಂಗಳೂರು ಸುತ್ತಮುತ್ತಲ ಚರ್ಚ್‌ಗಳ ಮೇಲೆ, 2009ರ ಜನವರಿಯಲ್ಲಿ ನಗರದ ಪಬ್ಬಿನಲ್ಲಿದ್ದ ಯುವತಿಯರ ಮೇಲೆ ದಾಳಿ ನಡೆಯಿತು. ತಮ್ಮದೇ ಕರಾವಳಿಯಲ್ಲಿ ನಡೆದ ಈ ಘಟನೆಗಳನ್ನು ಸರ್ಕಾರ ನಿಭಾಯಿಸಿದ ರೀತಿಗೆ ಅವರು ಕಟು ಟೀಕೆ ಎದುರಿಸಬೇಕಾಯಿತು, ಮತ್ತು ಆ ಟೀಕೆ ಅಕಾರಣವಾಗಿರಲಿಲ್ಲ. ಪುರಸಭೆಯಲ್ಲಿ ಕಂಡ ದೃಢತೆ ಇಲ್ಲಿ ಕಾಣಲಿಲ್ಲ. ರೋಗದ ಮೂಲ ತಮ್ಮ ರಾಜಕೀಯ ಬಳಗದ ಆಸುಪಾಸಿನಲ್ಲೇ ಇದ್ದಾಗ ಚಿಕಿತ್ಸೆ ಕಷ್ಟವೇ.

2010ರಲ್ಲಿ ಅವರು ಉನ್ನತ ಶಿಕ್ಷಣ ಖಾತೆಗೆ ಬಂದರು. 2012ರ ಫೆಬ್ರವರಿ 14ರಂದು ಬೆಂಗಳೂರಿನ ಕಾಲೇಜೊಂದರ ಕಾರ್ಯಕ್ರಮದಲ್ಲಿ ಕುಸಿದುಬಿದ್ದು ನಿಧನರಾದಾಗಲೂ ಅದೇ ಖಾತೆಯ ಸಚಿವರಾಗಿದ್ದರು.